ಊರಿನಲ್ಲಿ ಜ್ವರ ಎಷ್ಟಿದೆ? ಮನೆಮನೆಗೆ ಹೋಗಿ ಅಳೆಯುವುದು ಹೀಗೆ

ಮೂಡಿಗೆರೆ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಹೋದ ತಿಂಗಳು ರಿಜಿಸ್ಟರಿನಲ್ಲಿ 20 ಜ್ವರ, ಈ ತಿಂಗಳು 40 ಅಂದುಕೊಳ್ಳಿ. ಜ್ವರ ದುಪ್ಪಟ್ಟಾಯಿತು ಅಂತ ಹೇಳಬಹುದಾ? ಆಗುವುದಿಲ್ಲ. ಮಳೆ ನಿಂತು ಬಸ್ಸು ಮತ್ತೆ ಓಡಾಡುತ್ತಿರಬಹುದು. ಖಾಲಿ ಬಿದ್ದಿದ್ದ ಡಾಕ್ಟರ್ ಹುದ್ದೆ ತುಂಬಿರಬಹುದು. ಆಸ್ಪತ್ರೆಗೆ ಎಷ್ಟು ಜನ ಬಂದರು ಅನ್ನುವುದಷ್ಟೇ ರಿಜಿಸ್ಟರಿಗೆ ಗೊತ್ತು. ಊರಲ್ಲಿ ಎಷ್ಟು ಜನಕ್ಕೆ ಜ್ವರ ಬಂತು ಅನ್ನುವುದು ಬೇರೆಯೇ ಪ್ರಶ್ನೆ.

ಎರಡರ ನಡುವೆ ಎಷ್ಟು ದೂರ ಇದೆ ನೋಡಿ. 2019ರಿಂದ 2021ರವರೆಗೆ ದೇಶದಾದ್ಯಂತ ಕ್ಷಯರೋಗದ ಸಮೀಕ್ಷೆ ನಡೆಯಿತು. ಆಗ ಕ್ಷಯದ ಲಕ್ಷಣ ಇದ್ದವರಲ್ಲಿ 100ಕ್ಕೆ ಸುಮಾರು 64 ಮಂದಿ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ನಮ್ಮ ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಓಡಾಡಿದವರಿಗೆ ಇದು ಆಶ್ಚರ್ಯ ಅಲ್ಲ. ಕೆಮ್ಮು ಅಂತ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು, ಅಲ್ವಾ?

ಹಾಗಾಗಿ ರೋಗ ಎಷ್ಟಿದೆ ಅಂತ ತಿಳಿಯಬೇಕಾದರೆ ಮನೆ ಬಾಗಿಲಿಗೆ ಹೋಗಬೇಕು. ಕಾಲೇಜಿನ ಎನ್‌ಎಸ್‌ಎಸ್ ಹುಡುಗರು, ಶಾಲೆಯ ಮೇಷ್ಟ್ರು, ಪಂಚಾಯಿತಿ ಸದಸ್ಯರು ಯಾರು ಬೇಕಾದರೂ ಆಶಾ ಕಾರ್ಯಕರ್ತೆಯ ಜೊತೆ ಸೇರಿ ಇದನ್ನು ಮಾಡಬಹುದು. ಇಬ್ಬಿಬ್ಬರ ನಾಲ್ಕು ಜೋಡಿ ಸಾಕು. ಎರಡು ಭಾನುವಾರ, ನಡುವಿನ ಸಂಜೆಗಳು, ಅಷ್ಟರಲ್ಲಿ ಮುಗಿಯುತ್ತದೆ.

ಮೊದಲ ಹೆಜ್ಜೆ: ಏನನ್ನು ಎಣಿಸುತ್ತೀರಿ?

ಬಚ್ಚಲಿನ ಹಂಡೆ ನೆನಪಿಸಿಕೊಳ್ಳಿ. ಹಂಡೆಗೆ ಬೀಳುವ ನೀರು ಒಂದು, ಹಂಡೆಯಲ್ಲಿ ನಿಂತಿರುವ ನೀರು ಇನ್ನೊಂದು. ಹೊಸದಾಗಿ ಎಷ್ಟು ಜನಕ್ಕೆ ಬಂತು ಅನ್ನುವುದು ಬೀಳುವ ನೀರು. ಇವತ್ತು ಎಷ್ಟು ಜನರಲ್ಲಿ ಇದೆ ಅನ್ನುವುದು ನಿಂತ ನೀರು. ಕ್ಷಯ ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೆ ನಿಂತ ನೀರು ಅಳೆಯಬಹುದು. ಭೇದಿ, ಜ್ವರ ನಾಲ್ಕು ದಿನದಲ್ಲಿ ಹೋಗುತ್ತವೆ. ನೀವು ಹೋದ ದಿನ ಯಾರಿಗೂ ಇಲ್ಲದೆ ಇರಬಹುದು. ಇವಕ್ಕೆ ಕಳೆದ ಎರಡು ವಾರದಲ್ಲಿ ಬಂದಿತ್ತಾ ಅಂತ ಕೇಳಬೇಕು.

ಕಾಯಿಲೆಯ ಹೆಸರು ಮಾತ್ರ ಕೇಳಬೇಡಿ. "ಟೈಫಾಯ್ಡ್ ಅಂದ್ರು" ಅಂತ ತುಂಬಾ ಜನ ಹೇಳುತ್ತಾರೆ. ಒಂದೇ ಒಂದು ವೈಡಾಲ್ ರಕ್ತ ಪರೀಕ್ಷೆ ನಂಬಿ ಟೈಫಾಯ್ಡ್ ಅನ್ನುವುದು ಸರಿಯಲ್ಲ. ಜ್ವರ ಅಂತಷ್ಟೇ ಬರೆದುಕೊಳ್ಳಿ.

ಮಂಗನ ಕಾಯಿಲೆ ಅಳೆಯಲು ಈ ದಾರಿ ಬೇಡ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಗೂ ಬಂದಿದೆ. ಆದರೆ ಸಂಖ್ಯೆ ಕಡಿಮೆ. 200 ಮನೆ ಸುತ್ತಿದರೂ ಒಬ್ಬರೂ ಸಿಗದೆ ಹೋಗಬಹುದು, ಆಗ ಕಾಯಿಲೆಯೇ ಇಲ್ಲ ಅನ್ನಿಸುತ್ತದೆ. ಅದಕ್ಕೆ ಸತ್ತ ಮಂಗದ ಸುದ್ದಿ ಕೂಡಲೇ ತಿಳಿಸುವುದು, ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹಿಡಿದು ಪರೀಕ್ಷಿಸುವುದು, ಜ್ವರ ಬಂದವರ ರಕ್ತ ನೋಡುವುದೇ ಸರಿಯಾದ ಕ್ರಮ.

ಎರಡನೆಯದು: ಎಷ್ಟು ಜನರಲ್ಲಿ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. 40 ಜ್ವರ ಅಂದರೆ 400 ಜನರಲ್ಲೋ, 4,000 ಜನರಲ್ಲೋ? 2011ರ ಜನಗಣತಿ ಪ್ರಕಾರ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,37,961 ಜನ, ಹಾಸನದಲ್ಲಿ 17,76,421. ಆ ಲೆಕ್ಕ ಹಳೆಯದಾಯಿತು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಾಫಿ ಕುಯ್ಲಿನ ಕಾಲಕ್ಕೆ ಅಸ್ಸಾಂ, ಜಾರ್ಖಂಡ್, ತಮಿಳುನಾಡು ಕಡೆಯಿಂದ ಜನ ಬರುತ್ತಾರೆ. ಮಳೆಗಾಲಕ್ಕೆ ಎಷ್ಟೋ ಮಂದಿ ಇರುವುದಿಲ್ಲ. ಇವರ ಹೆಸರು ಮತದಾರರ ಪಟ್ಟಿಯಲ್ಲೂ ಇಲ್ಲ, ಎಷ್ಟೋ ಸಲ ಆಶಾ ರಿಜಿಸ್ಟರಿನಲ್ಲೂ ಇಲ್ಲ. ಸೊಳ್ಳೆ, ಉಣುಗು, ಕೆಟ್ಟ ನೀರು ಮೊದಲು ಮುಟ್ಟುವುದು ಇವರನ್ನೇ.

ಆದ್ದರಿಂದ ಆಶಾ ರಿಜಿಸ್ಟರಿನಿಂದ ಮನೆಗಳ ಪಟ್ಟಿ ತೆಗೆದುಕೊಳ್ಳಿ. ಆಮೇಲೆ ಒಂದೊಂದು ತೋಟಕ್ಕೂ ಹೋಗಿ ರೈಟರ್ (ತೋಟದ ಲೆಕ್ಕ ಬರೆಯುವವರು) ಹತ್ತಿರ ಲೈನ್ ಮನೆ ಎಷ್ಟು, ಯಾವುದರಲ್ಲಿ ಯಾರಿದ್ದಾರೆ ಕೇಳಿ. ಅದನ್ನೂ ನಂಬಿ ಕೂರಬೇಡಿ, ನಡೆದು ಎಣಿಸಿ. ಟಾರ್ಪಲ್ ಶೆಡ್ಡಿನಲ್ಲಿ ಇರುವವರೂ ಪಟ್ಟಿಗೆ ಬರಲಿ.

ಮೂರನೆಯದು: ಮನೆ ಆರಿಸುವುದು

ಎಲ್ಲ ಮನೆಗೂ ಹೋಗಬೇಕಿಲ್ಲ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅಂತಾರಲ್ಲ, ಅದು ಪಾತ್ರೆಯ ಅನ್ನವೆಲ್ಲ ಒಂದೇ ಸಮ ಬೆಂದಿದ್ದರೆ ಮಾತ್ರ. ಊರು ಒಂದೇ ಸಮ ಇರುವುದಿಲ್ಲ.

ಎಷ್ಟು ಜನ ಬೇಕು? 100ರಲ್ಲಿ 10 ಜನಕ್ಕೆ ಜ್ವರ ಬಂದಿರಬಹುದು ಅಂತ ಊಹಿಸಿ. 3ರಷ್ಟು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ ಅನ್ನಿ. 10ನ್ನು ಉಳಿದ 90ರಿಂದ ಗುಣಿಸಿ, ಅದನ್ನು 4ರಿಂದ ಗುಣಿಸಿ (ಈ 4 ಬದಲಾಗುವುದಿಲ್ಲ), 3ರ ವರ್ಗವಾದ 9ರಿಂದ ಭಾಗಿಸಿ. 400 ಬರುತ್ತದೆ. ಒಂದೇ ಮನೆಯವರಿಗೆ ಒಂದೇ ಸೊಳ್ಳೆ, ಒಂದೇ ನೀರು. ಆ ನಾಲ್ವರನ್ನು ಕೇಳಿದರೆ ನಾಲ್ಕು ಬೇರೆ ಮನೆಯವರನ್ನು ಕೇಳಿದಷ್ಟು ತಿಳಿಯುವುದಿಲ್ಲ. ಹಾಗಾಗಿ ಅದನ್ನು ದುಪ್ಪಟ್ಟು ಮಾಡಿ: 800 ಜನ. ಮನೆಗೆ ನಾಲ್ಕು ಜನ ಅಂದರೆ 200 ಮನೆ.

ಪಟ್ಟಿಯಲ್ಲಿ 1,200 ಮನೆ ಇದ್ದರೆ ಆರಕ್ಕೊಂದು. 1ರಿಂದ 6ರವರೆಗೆ ಚೀಟಿ ಬರೆದು ಒಂದು ಎತ್ತಿ. 4 ಬಂತು ಅಂದರೆ 4, 10, 16, 22, ಹೀಗೆ ಕೊನೆಯವರೆಗೂ. ರಸ್ತೆ ಪಕ್ಕದ ಮನೆ, ಪರಿಚಯದವರ ಮನೆ, ಕಾಫಿ ಕೊಡುವ ಮನೆ ಅಂತ ನೀವೇ ಆರಿಸಿದರೆ ಲೆಕ್ಕ ಕೆಟ್ಟಿತು.

ಆರಿಸುವುದರಲ್ಲಿ ಎಡವಿದರೆ ದೇಶದ ಲೆಕ್ಕವೇ ತಪ್ಪುತ್ತದೆ. ಭಾರತದಲ್ಲಿ ಎಚ್‌ಐವಿ ಸೋಂಕು ಇರುವವರು 50 ಲಕ್ಷಕ್ಕೂ ಜಾಸ್ತಿ ಅಂತ ಒಂದು ಕಾಲಕ್ಕೆ ಅಂದಾಜಿತ್ತು. ಅದು ಮುಖ್ಯವಾಗಿ ಕೆಲವು ಆಯ್ದ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಬಂದವರ ರಕ್ತದಿಂದ ಬಂದ ಲೆಕ್ಕ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಗಳಿಗೇ ಹೋಗಿ ಪರೀಕ್ಷೆ ಮಾಡಿದರು. 2007ರಲ್ಲಿ ಅಂದಾಜು ಸುಮಾರು 25 ಲಕ್ಷಕ್ಕೆ ಇಳಿಯಿತು. ರೋಗ ಅರ್ಧ ಆಗಿರಲಿಲ್ಲ, ಅಳತೆ ಸರಿಹೋಗಿತ್ತು.

ಬೀಗ ಹಾಕಿದ ಮನೆ ಸಿಕ್ಕಾಗ

ಹೊಸಬರು ಪಕ್ಕದ ಮನೆಗೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಗಲು ಹನ್ನೊಂದಕ್ಕೆ ಬೀಗ ಬಿದ್ದ ಮನೆಯವರು ತೋಟದಲ್ಲಿ ಕೆಲಸ ಮಾಡುತ್ತಿರುತ್ತಾರೆ. ಮನೆಯಲ್ಲಿ ಸಿಗುವವರು ವಯಸ್ಸಾದವರು, ಪುಟ್ಟ ಮಕ್ಕಳು, ಸ್ವಲ್ಪ ಅನುಕೂಲ ಇರುವವರು. ಬೀಗ ಬಿದ್ದ ಮನೆಗಳನ್ನೆಲ್ಲ ಬಿಟ್ಟರೆ ದುಡಿಯುವವರ ಜ್ವರವನ್ನೇ ಬಿಟ್ಟ ಹಾಗೆ. ಸಂಜೆ ಆರರ ಮೇಲೆ ಹೋಗಿ. ಇಲ್ಲದಿದ್ದರೆ ಭಾನುವಾರ ಹೋಗಿ. ಮೂರು ಸಲವೂ ಸಿಗದಿದ್ದರೆ "ಸಿಗಲಿಲ್ಲ" ಅಂತ ಬರೆಯಿರಿ. ಆ ಸಂಖ್ಯೆಯನ್ನೂ ವರದಿಯಲ್ಲಿ ಹೇಳಬೇಕು.

ಕೇಳುವುದು ಹೇಗೆ?

"ಕಳೆದ 14 ದಿನದಲ್ಲಿ" ಅಂದರೆ ಯಾರಿಗೂ ನೆನಪಿರುವುದಿಲ್ಲ. ವಾರದ ಸಂತೆ ಹಿಡಿದು ಕೇಳಿ. "ಹೋದ ಸಂತೆ ಬಿಟ್ಟು ಅದರ ಹಿಂದಿನ ಸಂತೆಯಿಂದ ಈಚೆಗೆ ಯಾರಿಗಾದರೂ ಮೈ ಬಿಸಿ ಆಗಿತ್ತಾ?" ಅಂದರೆ ತಕ್ಷಣ ನೆನಪಾಗುತ್ತದೆ. ಜ್ವರ ಅನ್ನುವ ಪದಕ್ಕೆ ಕೆಲವರು "ಜ್ವರ ಏನಿಲ್ಲ, ಮೈ ಸ್ವಲ್ಪ ಬೆಚ್ಚಗಿತ್ತು" ಅನ್ನುತ್ತಾರೆ. ಎರಡೂ ಮಾತು ಬಳಸಿ.

ಮನೆಯವರನ್ನೆಲ್ಲ ಒಟ್ಟಿಗೆ ಕೇಳಬೇಡಿ. ಒಬ್ಬೊಬ್ಬರ ಹೆಸರು ಹಿಡಿದು ಕೇಳಿ. ತಾಯಿ ಮಕ್ಕಳ ಜ್ವರ ಹೇಳುತ್ತಾಳೆ, ತನ್ನದು ಹೇಳುವುದಿಲ್ಲ. ಬೇರೆ ಭಾಷೆಯವರ ಮನೆಯಲ್ಲಿ ಮೇಸ್ತ್ರಿಯನ್ನು ಮಾತು ತಿಳಿಸಲು ಕೂರಿಸಬೇಡಿ. ಕೂಲಿ ಬರೆಯುವವನ ಮುಂದೆ ಹುಷಾರಿಲ್ಲ ಅಂತ ಯಾರು ಹೇಳುತ್ತಾರೆ? ಕನ್ನಡ ಕಲಿತ ಅವರ ಮಗುವೋ, ಜೊತೆಗಾರರೋ ಸಾಕು.

ಜ್ವರ ಬಂದಿದ್ದರೆ ಇನ್ನೊಂದು ಪ್ರಶ್ನೆ: ಎಲ್ಲಿ ತೋರಿಸಿದಿರಿ? ಸರ್ಕಾರಿ ಆಸ್ಪತ್ರೆ, ಖಾಸಗಿ ಕ್ಲಿನಿಕ್, ಮೆಡಿಕಲ್ ಶಾಪ್, ಎಲ್ಲೂ ಇಲ್ಲ. ಇದನ್ನು ಮರೆಯಲೇಬೇಡಿ.

ರಕ್ತ ಪರೀಕ್ಷೆ?

ಅದು ನಿಮ್ಮ ಕೆಲಸ ಅಲ್ಲ. ಅದಕ್ಕೆ ಅನುಮತಿ, ತರಬೇತಿ ಬೇಕು. ಆದರೆ ಪರೀಕ್ಷೆಯ ಸಂಖ್ಯೆ ಓದುವುದು ಗೊತ್ತಿರಲಿ. 1,000 ಜನರಲ್ಲಿ 20 ಮಂದಿಗೆ ನಿಜವಾಗಿ ಸೋಂಕು ಇದೆ ಅನ್ನಿ. ಪರೀಕ್ಷೆ 100 ರೋಗಿಗಳಲ್ಲಿ 90 ಮಂದಿಯನ್ನು ಹಿಡಿಯುತ್ತದೆ. ಆರೋಗ್ಯವಂತರಲ್ಲಿ 100ಕ್ಕೆ 5 ಮಂದಿಗೆ ಸುಮ್ನೆ ಪಾಸಿಟಿವ್ ತೋರಿಸುತ್ತದೆ. ಆಗ 20ರಲ್ಲಿ 18 ಸಿಗುತ್ತವೆ. ಉಳಿದ 980ರಲ್ಲಿ 49 ಸುಳ್ಳು ಪಾಸಿಟಿವ್. ಒಟ್ಟು 67! ನಿಜಕ್ಕಿಂತ ಮೂರು ಪಟ್ಟಿಗೂ ಜಾಸ್ತಿ. ರೋಗ ಅಪರೂಪವಾಗಿದ್ದಷ್ಟೂ ಈ ತಪ್ಪು ದೊಡ್ಡದಾಗುತ್ತದೆ.

ಉಲ್ಟಾ ತಪ್ಪೂ ಆಗುತ್ತದೆ. ಡೆಂಗಿಯ ಎನ್‌ಎಸ್1 ಪರೀಕ್ಷೆ ಜ್ವರದ ಮೊದಲ ಐದು ದಿನಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ವಾರ ಕಳೆದು ಬಂದವರಿಗೆ ಅದೊಂದನ್ನೇ ಮಾಡಿದರೆ ರೋಗ ಕಾಣದೆ ಹೋಗಬಹುದು.

ಲೆಕ್ಕ ಹಾಕುವುದು

ಉದಾಹರಣೆಗೆ 800 ಜನರಲ್ಲಿ 72 ಮಂದಿಗೆ ಜ್ವರ ಬಂದಿತ್ತು ಅನ್ನಿ. 100ಕ್ಕೆ 9. ಆದರೆ ಬರೀ 9 ಅಂತ ಬರೆಯಬೇಡಿ, ಮೊದಲು ಒಪ್ಪಿಕೊಂಡ 3ರ ಹೆಚ್ಚುಕಡಿಮೆ ಸೇರಿಸಿ "6ರಿಂದ 12ರ ಒಳಗೆ" ಅಂತ ಬರೆಯಿರಿ. ಮುಂದಿನ ಸಲ 10 ಬಂದರೆ ಜ್ವರ ಏರಿತು ಅಂತ ಗಾಬರಿ ಬೀಳಬೇಕಿಲ್ಲ.

ಈಗ ಆ 72ರಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದವರು 18 ಅನ್ನಿ. ರಿಜಿಸ್ಟರಿಗೆ ಕಂಡಿದ್ದು ನಾಲ್ಕರಲ್ಲಿ ಒಂದು. ಲೈನ್ ಮನೆಯವರದ್ದನ್ನೂ ಊರ ಮನೆಯವರದ್ದನ್ನೂ ಬೇರೆ ಬೇರೆ ಹಾಕಿ ನೋಡಿ. ಒಟ್ಟು ಸರಾಸರಿ ಮುಚ್ಚಿಟ್ಟಿದ್ದು ಅಲ್ಲಿ ಕಾಣಬಹುದು.

ವರದಿಯಲ್ಲಿ ಯಾರ ಹೆಸರೂ, ಯಾವ ತೋಟದ ಹೆಸರೂ ಬೇಡ. ಒಂದು ಪ್ರತಿ ಪಂಚಾಯಿತಿಗೆ, ಒಂದು ತಾಲ್ಲೂಕು ಆರೋಗ್ಯ ಅಧಿಕಾರಿಗೆ ಕೊಡಿ. ಸುತ್ತುವಾಗ ಈಗಲೂ ಜ್ವರದಲ್ಲಿ ಮಲಗಿದವರು ಸಿಕ್ಕರೆ ವರದಿಗೆ ಕಾಯಬೇಡಿ, ಅವತ್ತೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಒಂದು ಸಲ ಮಳೆಗಾಲದಲ್ಲಿ, ಇನ್ನೊಂದು ಸಲ ಜನವರಿಯಲ್ಲಿ ಕುಯ್ಲು ನಡೆಯುವಾಗ ಮಾಡಿ. ಜನವರಿಗೆ ಹೊರಡುವ ಮುಂಚೆ ಲೈನ್ ಮನೆಗಳನ್ನು ಮತ್ತೆ ಎಣಿಸಿ. ಆಗ ಅಲ್ಲಿರುವವರು ಬೇರೆ ಜನ.