ಮಾತಿಗೆ ಮಾತು ಬರೆದು ಕಲಿತ ಆಪ್ತಸಮಾಲೋಚನೆ

ಧಾರವಾಡದಲ್ಲಿ ಎಂ.ಎಸ್ಸಿ. ಮನೋವಿಜ್ಞಾನ ಓದುವಾಗ ಆಪ್ತಸಮಾಲೋಚನೆ (ಕೌನ್ಸೆಲಿಂಗ್) ನಮಗೆ ಎರಡು ಬೇರೆ ಬೇರೆ ವಿಷಯಗಳ ಹಾಗೆ ಬರುತ್ತಿತ್ತು. ಥಿಯರಿ ಪೇಪರಿನಲ್ಲಿ ಮನಸ್ಸಿನ ಚಿಕಿತ್ಸೆಗೆ ತಮ್ಮ ತಮ್ಮ ದಾರಿ ಹಾಕಿಕೊಟ್ಟ ಫ್ರಾಯ್ಡ್, ಆಡ್ಲರ್, ರೋಜರ್ಸ್, ಎಲ್ಲಿಸ್, ಬೆಕ್ ಒಬ್ಬರ ಹಿಂದೊಬ್ಬರು. ಪ್ರಾಕ್ಟಿಕಲ್‌ನಲ್ಲಿ ಹೇಗೆ ಕೂರಬೇಕು, ಹೇಗೆ ಕೇಳಿಸಿಕೊಳ್ಳಬೇಕು, ಹೇಗೆ ಪ್ರಶ್ನೆ ಹಾಕಬೇಕು. ಮೊದಲನೆಯದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯಬಹುದು, ಎರಡನೆಯದನ್ನು ಹಾಜರಿ ಹಾಕಿಸಿ ಮುಗಿಸಬಹುದು. ನನಗೆ ಇವೆರಡನ್ನೂ ಕೂಡಿಸಿಕೊಟ್ಟದ್ದು ಒಂದೇ ಅಭ್ಯಾಸ: ನಡೆದ ಸಂಭಾಷಣೆಯನ್ನು ಮಾತಿಗೆ ಮಾತು ಬರೆದು, ನಾನಾಡಿದ ಪ್ರತಿ ಸಾಲಿನ ಎದುರಿಗೆ ‘ಇದನ್ನು ಯಾಕೆ ಹೇಳಿದೆ?’ ಎಂದು ಉತ್ತರ ಬರೆಯುವುದು. ಈಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುತ್ತೇನೆ. ಇದೇ ಓದಿಗೆ ಬರುವ ಹೊಸಬರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನಾವು ಮೂವರು ಗೆಳತಿಯರು ಒಂದು ಗುಂಪು. ಒಬ್ಬಳು ಕೇಳುವವಳು, ಒಬ್ಬಳು ಹೇಳಿಕೊಳ್ಳುವವಳು, ಮೂರನೆಯವಳು ಸುಮ್ಮನೆ ಕೂತು ನೋಡಿ ಬರೆದುಕೊಳ್ಳುವವಳು. ಹದಿನೈದು ಇಪ್ಪತ್ತು ನಿಮಿಷ ಮಾತು, ಆಮೇಲೆ ಚರ್ಚೆ, ಆಮೇಲೆ ಪಾತ್ರ ಬದಲು. ವಿಷಯ ಯಾವುದಿರಬೇಕು ಎಂಬುದಕ್ಕೆ ನಮ್ಮ ನಿಯಮ, ಸಣ್ಣದಿರಬೇಕು, ಖರೇ ಇರಬೇಕು. ಹಾಸ್ಟೆಲ್ ರೂಮಿನ ಜಗಳ, ಮನೆಯಲ್ಲಿ ಮದುವೆ ಮಾತು ಎತ್ತಿದ್ದು, ಸೆಮಿನಾರಿನಲ್ಲಿ ಬಾಯಿ ಒಣಗುವುದು. ಕಟ್ಟಿದ ಕಥೆ ತಂದರೆ ಹೇಳುವವಳು ನಾಟಕದ ಮಾತಿನಂತೆ ಚೊಕ್ಕವಾಗಿ ಮಾತಾಡುತ್ತಾಳೆ, ಕೇಳುವವಳಿಗೆ ಕಲಿಯಲು ಏನೂ ಸಿಗುವುದಿಲ್ಲ. ಹಾಗೆಂದು ತೀರಾ ಹಸಿಯಾದ ನೋವು, ಇತ್ತೀಚಿನ ಸಾವು, ಮನೆಯೊಳಗಿನ ಹಿಂಸೆ ಇಂಥವನ್ನು ಅಭ್ಯಾಸಕ್ಕೆ ತರಬಾರದು. ಅದಕ್ಕೆ ಕಲಿಯುವವರ ಕೈ ಸಾಲದು. ಮಾತನ್ನು ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆವು, ಬರೆದಾದ ಮೇಲೆ ಮೂವರ ಮುಂದೆಯೇ ಅಳಿಸುತ್ತಿದ್ದೆವು.

ಹೀಗೆ ರೆಕಾರ್ಡ್ ಮಾಡಿ ಬರೆಯುವುದು ನಾವು ಕಂಡುಹಿಡಿದದ್ದೇನಲ್ಲ. ಕಾರ್ಲ್ ರೋಜರ್ಸ್ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1940ರ ಆಸುಪಾಸಿನಲ್ಲಿ, ಗ್ರಾಮಫೋನ್ ತಟ್ಟೆಗಳ ಮೇಲೆ ಸಂದರ್ಶನಗಳನ್ನು ಮುದ್ರಿಸಿಕೊಳ್ಳುತ್ತಿದ್ದರು. 1942ರಲ್ಲಿ ಒಂದು ಇಡೀ ಪ್ರಕರಣದ ಮಾತುಕತೆಯನ್ನು ಮೊದಲಿನಿಂದ ಕೊನೆಯವರೆಗೆ ಪ್ರಕಟಿಸಿದರು. ಅಲ್ಲಿಯವರೆಗೆ ಚಿಕಿತ್ಸಕರು ತಮ್ಮ ಕೋಣೆಯಲ್ಲಿ ನಡೆದದ್ದನ್ನು ನೆನಪಿನಿಂದ ಹೇಳುತ್ತಿದ್ದರು, ನೆನಪು ನಮಗೆ ಬೇಕಾದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡುತ್ತದೆ. ರೋಜರ್ಸ್ ಎಂದರೆ ಆಪ್ತಸಮಾಲೋಚಕರಿಗೆ ಇರಬೇಕಾದ ಮೂರು ಗುಣಗಳ ಪಟ್ಟಿ ಎಂದು ಓದುವ ನಮಗೆ, ಅವರು ಇಷ್ಟು ಶ್ರಮಪಟ್ಟು ಒಂದೊಂದು ಮಾತನ್ನೂ ತೂಗಿ ನೋಡಿದವರು ಎಂಬುದು ಗೊತ್ತಿರಬೇಕು.

ನನ್ನ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ. ಎಡಕ್ಕೆ ಅವರು ಹೇಳಿದ್ದು, ನಡುವೆ ನಾನು ಹೇಳಿದ್ದು, ಬಲಕ್ಕೆ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು. ಬಲಗಡೆಯ ಅಂಕಣ ಎಲ್ಲಕ್ಕಿಂತ ಮುಖ್ಯ. ‘ಇವಳು ಅಳುತ್ತಾಳೆ ಅಂತ ಹೆದರಿ ಮಾತು ಬದಲಿಸಿದೆ’, ‘ಇದು ಎಲ್ಲಿಸ್‌ಗೆ ಸರಿಹೋಗುತ್ತದೆ ಅನಿಸಿತು’, ‘ಗೊತ್ತಿಲ್ಲ, ಬಾಯಿಗೆ ಬಂತು’: ಏನೇ ಇದ್ದರೂ ಹಾಗೆಯೇ ಬರೆಯಬೇಕು. ಹದಿನೈದು ನಿಮಿಷದ ಮಾತು ಬರೆಯಲು ಒಂದು ಇಡೀ ಸಂಜೆ ಹೋಗುತ್ತದೆ. ಹೋಗಲಿ. ನಾಲ್ಕು ಪುಸ್ತಕಗಳ ಟಿಪ್ಪಣಿಗಿಂತ ಆ ಸಂಜೆ ಹೆಚ್ಚು ಕಲಿಸುತ್ತದೆ.

ಒಂದು ಸಾಲನ್ನು ಹಿಡಿದು ತೋರಿಸುತ್ತೇನೆ. ಧಾರವಾಡದಲ್ಲಿದ್ದವರಿಗೆ ಸಪ್ತಾಪುರದ ಕಡೆಯ ಕೋಚಿಂಗ್ ಸೆಂಟರುಗಳು, ಓದುವ ಕೋಣೆಗಳು, ಪಿಜಿಗಳು ಗೊತ್ತೇ ಇವೆ. ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ವರ್ಷಗಟ್ಟಲೆ ಇಲ್ಲಿರುತ್ತಾರೆ. ಅಂಥ ಒಬ್ಬ ಹುಡುಗ ಹೇಳಿಕೊಳ್ಳುವಂಥ ಮಾತು ಇದು. ಯಾರೊಬ್ಬರದೂ ಅಲ್ಲ, ಹಲವರ ಮಾತು ಸೇರಿಸಿ ಕಲಿಸಲಿಕ್ಕೆಂದೇ ನಾನು ಬರೆದುಕೊಂಡದ್ದು.

“ಅಪ್ಪ ದಿನಾ ರಾತ್ರಿ ಫೋನ್ ಮಾಡತಾರ್ರಿ. ಊಟ ಆತೇನು ಅಂತಾರ, ಅಷ್ಟ. ರಿಸಲ್ಟ್ ಏನಾತು ಅಂತ ಕೇಳಂಗಿಲ್ಲ. ಅದ ನನಗ ತಡಕೊಳ್ಳಾಕ ಆಗವಲ್ದು.”

ಇದಕ್ಕೆ ಹಲವು ಉತ್ತರ ಸಾಧ್ಯ. “ಯಾಕ ತಡಕೊಳ್ಳಾಕ ಆಗವಲ್ದು?” ಎಂದರೆ ಅವನು ಕಾರಣ ಹುಡುಕಲು ಹೊರಡುತ್ತಾನೆ. ನಮ್ಮ ಮನೆಗಳಲ್ಲಿ ‘ಯಾಕ’ ಎಂದು ಶುರುವಾಗುವ ಮಾತು ಬಹುತೇಕ ಬೈಗುಳಕ್ಕೆ ಮುನ್ನುಡಿ, ಹಾಗಾಗಿ ಅವನು ತನ್ನನ್ನು ಸಮರ್ಥಿಸಿಕೊಳ್ಳುವ ಸಂಭವವೇ ಹೆಚ್ಚು. “ಅಪ್ಪಾರು ನಿನ್ನ ಮ್ಯಾಲ ಭಾಳ ಜೀವ ಇಟ್ಟಾರ, ಚಿಂತಿ ಮಾಡಬ್ಯಾಡ” ಎಂದರೆ ಪ್ರೀತಿಯ ಮಾತೇ, ಆದರೆ ಅಲ್ಲಿಗೆ ಬಾಗಿಲು ಮುಚ್ಚಿತು. ಅಪ್ಪನಿಗೆ ಜೀವ ಇದೆ ಎಂಬುದು ಅವನಿಗೆ ಗೊತ್ತಿದೆ, ಅದೇ ಅವನ ಸಂಕಟ. “ಅಪ್ಪ ಫೋನ್ ಮಾಡತಾರ, ರಿಸಲ್ಟ್ ಕೇಳಂಗಿಲ್ಲ” ಎಂದು ಅವನ ಮಾತನ್ನೇ ಒಪ್ಪಿಸಿದರೆ ಕೇಳಿಸಿಕೊಂಡದ್ದು ಹೌದು, ಸೇರಿಸಿದ್ದು ಏನೂ ಇಲ್ಲ. ನಮ್ಮ ಗುಂಪಿನಲ್ಲಿ ಬಹಳ ಹೊತ್ತು ಚರ್ಚಿಸಿ ನಿಂತದ್ದು ಇಲ್ಲಿ: “ಕೇಳಿದ್ರ ಏನರ ಒಂದು ಉತ್ತರಾ ಹೇಳಬಹುದಿತ್ತು. ಅವರು ಕೇಳದ ಸುಮ್ಮನಿರೋದು ಇನ್ನೂ ಭಾರ ಆಗೇತಿ.”

ಪ್ರಶ್ನೆ ಇಲ್ಲ, ಸಮಾಧಾನ ಇಲ್ಲ, ಬುದ್ಧಿಮಾತು ಇಲ್ಲ. ಅವನು ಅರ್ಧ ಹೇಳಿದ ಭಾವವನ್ನು ಎತ್ತಿ ಅವನ ಮುಂದೆಯೇ ಇಟ್ಟದ್ದು ಅಷ್ಟೇ. ಇದನ್ನು ಭಾವನೆಯ ಪ್ರತಿಬಿಂಬನ ಎಂದು ಪಾಠ ಹೇಳುತ್ತದೆ. ಸರಿಹೊಂದಿದರೆ ಅವನು “ಹೌದ್ರಿ...” ಎಂದು ಮುಂದುವರಿಯುತ್ತಾನೆ. ಹೊಂದದಿದ್ದರೆ “ಹಂಗಲ್ರಿ” ಎಂದು ತಿದ್ದುತ್ತಾನೆ. ಎರಡೂ ಲಾಭವೇ.

ಇನ್ನು ಇದೇ ಸಾಲಿನ ಮೇಲೆ ಥಿಯರಿಗಳನ್ನು ಒಂದೊಂದಾಗಿ ಇಟ್ಟು ನೋಡಿ. ಅನುಭೂತಿ (ಎದುರಿನವರ ಜಾಗದಲ್ಲಿ ನಿಂತು ಅವರ ಭಾವವನ್ನು ಅರಿಯುವುದು), ಷರತ್ತಿಲ್ಲದ ಸ್ವೀಕಾರ, ಒಳಗೊಂದು ಹೊರಗೊಂದು ಇಲ್ಲದಿರುವುದು, ಈ ಮೂರನ್ನೂ ಒಳಗೊಂಡ ಷರತ್ತುಗಳನ್ನು ರೋಜರ್ಸ್ 1957ರಲ್ಲಿ ಮುಂದಿಟ್ಟರು. ಅವರ ದಾರಿಯಲ್ಲಿ ನಾನು ಮೇಲಿನಂತೆ ಹೇಳಿ ಅವನ ಹೆಜ್ಜೆಗೇ ಹೆಜ್ಜೆ ಹಾಕುತ್ತೇನೆ. ಎಲ್ಲಿಸ್ ಆಗಿದ್ದರೆ ಅಪ್ಪನ ಮೌನಕ್ಕೂ ಹುಡುಗನ ಸಂಕಟಕ್ಕೂ ನಡುವೆ ಇರುವ ನಂಬಿಕೆಯನ್ನು ಹುಡುಕುತ್ತಿದ್ದರು: ‘ನಾನು ಪಾಸಾಗಲೇಬೇಕು, ಆಗದಿದ್ರ ನಾನು ಯಾತಕ್ಕೂ ಬಾರದವ.’ ಆ ‘ಲೇಬೇಕು’ ಅನ್ನು ಅವರು ಹಿಡಿದು ವಾದಿಸುತ್ತಾರೆ. ಬೆಕ್ ಅಷ್ಟು ವಾದಕ್ಕೆ ಹೋಗುವುದಿಲ್ಲ. ಫೋನ್ ರಿಂಗಾದ ಕ್ಷಣ ತಲೆಯಲ್ಲಿ ಏನು ಓಡಿತು, ‘ಅಪ್ಪ ನನ್ನ ಆಸೆ ಬಿಟ್ಟಾರ’ ಎಂಬುದಕ್ಕೆ ಏನು ಆಧಾರ, ಅದಕ್ಕೆ ವಿರುದ್ಧವಾದ ಆಧಾರ ಏನು, ಎಂದು ಅವನ ಜೊತೆ ಕೂತು ಪರೀಕ್ಷಿಸುತ್ತಾರೆ. ಆಡ್ಲರ್ ಕೇಳುವುದು ಮನೆಯಲ್ಲಿ ಅವನ ಸ್ಥಾನ: ಹಿರಿಮಗನೇ, ತಂಗಿಯ ಮದುವೆ ಇವನ ನೌಕರಿಗೆ ಕಾದಿದೆಯೇ. ಫ್ರಾಯ್ಡ್‌ನಿಂದ ಬಂದ ಪರಂಪರೆಯವರು ಇನ್ನೂ ಹಿಂದಕ್ಕೆ ಹೋಗಿ, ಆ ಮನೆಯಲ್ಲಿ ಸಿಟ್ಟು ಯಾವಾಗಲೂ ಮೌನದ ರೂಪದಲ್ಲೇ ಬರುತ್ತಿತ್ತೇ ಎಂದು ನೋಡುತ್ತಾರೆ.

ಹೀಗೆ ನೋಡಿದ ಮೇಲೆ ಥಿಯರಿ ನನಗೆ ಹದಿನಾರು ಅಂಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಥಿಯರಿ ಎಂದರೆ ನನ್ನ ಮುಂದಿನ ಮಾತು ಯಾವ ಕಡೆ ಹೋಗಬೇಕು ಎಂಬುದಕ್ಕೆ ಕಾರಣ. 1965ರಲ್ಲಿ ಹೊರಬಂದ ಒಂದು ಶಿಕ್ಷಣ ಚಿತ್ರದಲ್ಲಿ ಗ್ಲೋರಿಯಾ ಎಂಬ ಮಹಿಳೆ ರೋಜರ್ಸ್, ಇನ್ನೊಂದು ಪದ್ಧತಿಯ ಚಿಕಿತ್ಸಕ ಫ್ರಿಟ್ಜ್ ಪರ್ಲ್ಸ್, ಎಲ್ಲಿಸ್ ಮೂವರ ಮುಂದೆಯೂ ಕೂತು ಮಾತಾಡುತ್ತಾಳೆ. ವಿದ್ಯಾರ್ಥಿಗಳು ಅದನ್ನು ನೋಡಿ ಯಾರು ಗೆದ್ದರು ಎಂದು ವಾದ ಮಾಡುತ್ತಾರೆ. ನನ್ನ ಸಲಹೆ, ಅದರಲ್ಲಿನ ಐದು ನಿಮಿಷವನ್ನು ಬರೆದುಕೊಂಡು ಚಿಕಿತ್ಸಕನ ಪ್ರತಿ ಮಾತಿನ ಎದುರಿಗೆ ಕಾರಣ ಊಹಿಸಿ. ಅವರ ಇಡೀ ಸಿದ್ಧಾಂತ ಆ ಸಾಲುಗಳಲ್ಲೇ ಕಾಣುತ್ತದೆ.

ಕೌಶಲಗಳ ವಿಷಯಕ್ಕೆ ಬಂದರೆ, ಒಮ್ಮೆಗೆ ಒಂದೇ ಕಲಿಯಿರಿ. ಅಲೆನ್ ಐವಿ ಮತ್ತು ಸಂಗಡಿಗರು 1960ರ ದಶಕದಲ್ಲಿ ರೂಪಿಸಿದ ಸೂಕ್ಷ್ಮ ಕೌಶಲಗಳ ಪದ್ಧತಿಯ ಜೀವಾಳ ಇದೇ. ಒಂದು ವಾರ ಬರೀ ಗಮನ ಕೊಡುವುದು. ಇನ್ನೊಂದು ವಾರ ತೆರೆದ ಪ್ರಶ್ನೆ, ಅಂದರೆ ಹೌದು ಇಲ್ಲ ಎಂದು ಮುಗಿಯದ ಪ್ರಶ್ನೆ. ಮತ್ತೊಂದು ವಾರ ಸಾರಾಂಶ. ನೋಡುವವಳ ಹಾಳೆಯಲ್ಲೂ ಆ ಒಂದರ ಲೆಕ್ಕ ಮಾತ್ರ. ಮೌನಕ್ಕೆಂದೇ ಒಂದು ವಾರ ಇಟ್ಟುಕೊಳ್ಳಿ. ಹೇಳುವವರು ನಿಂತಾಗ ಅವರೇ ಮತ್ತೆ ಶುರುಮಾಡುವವರೆಗೆ ಕಾಯುವುದು ಕಲಿಯುವವರಿಗೆಲ್ಲ ಕಷ್ಟ, ರೂಢಿಯಿಂದ ಬರುತ್ತದೆ.

ಪುಸ್ತಕದ್ದನ್ನೆಲ್ಲ ಹಾಗೆಯೇ ತಂದು ಇಲ್ಲಿ ಇಳಿಸಲು ಆಗುವುದಿಲ್ಲ. ಮನೋವಿಜ್ಞಾನಿ ಜೆರಾರ್ಡ್ ಈಗನ್ ಹೇಳುವ ಕೂರುವ ರೀತಿ ಎಲ್ಲ ಕೋರ್ಸುಗಳಲ್ಲೂ ಇದೆ: ನೇರ ಎದುರಿಗೆ, ತೆರೆದ ಭಂಗಿಯಲ್ಲಿ, ಸ್ವಲ್ಪ ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು, ನಿರಾಳವಾಗಿ. ರೋಣ ತಾಲ್ಲೂಕಿನ ಹಳ್ಳಿಯಿಂದ ಮಗನನ್ನು ಕರೆದುಕೊಂಡು ಬಂದ ಹಿರಿಯರೊಬ್ಬರ ಎದುರಿಗೆ ನನ್ನಂಥ ಚಿಕ್ಕವಳು ಹೀಗೆ ಕೂತರೆ ಅವರು ಮುದುಡುತ್ತಾರೆ. ನಾನು ಕುರ್ಚಿಯನ್ನು ಓರೆಯಾಗಿ ಹಾಕುತ್ತೇನೆ, ನೋಟ ಆಗಾಗ ಮೇಜಿನ ಕಡೆ ಹೋಗಿಬರುತ್ತದೆ, “ನೀರು ಕುಡೀರಿ ಕಾಕಾರ” ಎಂದು ಶುರು ಮಾಡುತ್ತೇನೆ. ಈಗನ್ ಕೂಡ ಇದನ್ನು ಕಟ್ಟಳೆಯಾಗಿ ಹೇಳಿದವರಲ್ಲ, ಸಂಸ್ಕೃತಿಗೆ ತಕ್ಕಂತೆ ಬದಲಿಸಿಕೊಳ್ಳಿ ಎಂದೇ ಹೇಳಿದರು.

ಭಾವನೆಗಳನ್ನೂ ನಮ್ಮ ಜನ ಹೆಸರಿಟ್ಟು ಹೇಳುವುದು ಕಡಿಮೆ. ಎದಿ ಒಡದಂಗ ಆಗತೈತಿ, ಹೊಟ್ಟ್ಯಾಗ ಬೆಂಕಿ ಬಿದ್ದಂಗ ಐತಿ, ತಲಿ ಕೆಟ್ಟ ಹೋಗೈತಿ ಎನ್ನುತ್ತಾರೆ. ಅವನ್ನು ‘ಆತಂಕ’, ‘ಖಿನ್ನತೆ’ ಎಂದು ತಿದ್ದಿ ಕೊಡುವ ಅವಸರ ಬೇಡ. “ಹೊಟ್ಟ್ಯಾಗಿನ ಬೆಂಕಿ ಯಾವಾಗ ಜೋರಾಗತೈತಿ?” ಎಂದು ಅವರ ಮಾತಿನಲ್ಲೇ ಕೇಳಿದರೆ ಅವರು ಬಿಚ್ಚಿಕೊಳ್ಳುತ್ತಾರೆ.

ಬುದ್ಧಿಮಾತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಪಾಠಕ್ಕಿಂತ ಸ್ವಲ್ಪ ಬೇರೆ. ಸಲಹೆ ಕೊಡಬಾರದು ಎಂದು ತರಗತಿಯಲ್ಲಿ ಕಲಿತು ಬಂದವರ ಮುಂದೆ ಜನ ಕೂತು ಕೇಳುವ ಮೊದಲ ಮಾತೇ “ನೀವ ಹೇಳ್ರಿ ಮೇಡಂ, ನಾ ಏನ ಮಾಡ್ಲಿ?” ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಬರೆದಿದ್ದರು: ನಮ್ಮಲ್ಲಿ ಸಹಾಯ ಬೇಡುವವರು ಗುರುವಿನ ಬಳಿ ಹೋದ ಶಿಷ್ಯನ ಹಾಗೆ ಬರುತ್ತಾರೆ, ಆ ಸಂಬಂಧವನ್ನೇ ಚಿಕಿತ್ಸೆಗೆ ಬಳಸಬಹುದು ಎಂದು. ಕೇಳಿದವರಿಗೆ ಉತ್ತರ ಕೊಡದೆ ಪ್ರಶ್ನೆಯನ್ನು ವಾಪಸು ಎಸೆದರೆ ಅವರಿಗೆ ಅದು ತಿರಸ್ಕಾರ. ನಾನು ಹೇಳುವುದು, “ಹೇಳೂಣ. ಅದಕ್ಕ ಮೊದಲ, ಇಷ್ಟ ದಿನಾ ನೀವ ಏನೇನ ಮಾಡಿ ನೋಡೀರಿ?” ಮಾಹಿತಿ ಬೇಕಿದ್ದರೆ, ಅದು ವಿದ್ಯಾರ್ಥಿವೇತನ ಇರಲಿ, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದಿರಲಿ, ನೇರವಾಗಿ ಕೊಡುತ್ತೇನೆ. ಮದುವೆ ಮುರಿಯಲೇ, ಓದು ಬಿಡಲೇ ಎಂಬಂಥ ನಿರ್ಧಾರ ಅವರದೇ, ಅಲ್ಲಿ ನಾನು ಕೈ ಹಾಕುವುದಿಲ್ಲ.

ಇನ್ನೊಂದು ಸಂಗತಿ, ಇಲ್ಲಿ ಅನೇಕರು ತಾವಾಗಿ ಬರುವುದಿಲ್ಲ, ಯಾರೋ ಕರೆತರುತ್ತಾರೆ. ತಂದೆಗೆ ಮಗ ಮೊಬೈಲ್ ಬಿಡಬೇಕು, ಮಗನಿಗೆ ತಂದೆ ಬೈಯುವುದು ನಿಲ್ಲಬೇಕು. ಸಹಾಯದ ಸಂಬಂಧ ನಿಲ್ಲುವುದು ಗುರಿ, ಅದಕ್ಕಾಗಿ ಮಾಡುವ ಕೆಲಸ, ಇಬ್ಬರ ನಡುವಿನ ನಂಟು ಈ ಮೂರರ ಮೇಲೆ ಎಂದು ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಹೇಳಿದ್ದು ನನಗೆ ದಿನನಿತ್ಯ ಉಪಯೋಗಕ್ಕೆ ಬರುತ್ತದೆ. ತಂದೆಯ ಮಾತು ಗೌರವದಿಂದ ಕೇಳಿ, ಹೊರಗೆ ಕೂರಿಸಿ, ಹುಡುಗನನ್ನು ಮೊದಲು ಕೇಳುವುದು, “ಅಪ್ಪಾರು ಹೇಳಿದ್ದು ಅವರ ಮಾತಾತು. ನಿನಗ ಏನ ಬದಲಾದ್ರ ಚೊಲೊ?”

ಗುಟ್ಟು ಕಾಯುವ ಮಿತಿಯನ್ನು ಮೊದಲ ಭೇಟಿಯಲ್ಲೇ ಹೇಳಬೇಕು, ಇದನ್ನು ಅಭ್ಯಾಸದಲ್ಲೂ ಬಾಯಿಬಿಟ್ಟು ಹೇಳಿ ರೂಢಿಸಿಕೊಳ್ಳಿ. ಜೀವಕ್ಕೆ ಅಪಾಯ ಇದ್ದರೆ ಮಾತು ನನ್ನಲ್ಲೇ ಉಳಿಯುವುದಿಲ್ಲ. ಹದಿನೆಂಟರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಾಯುವ ಯೋಚನೆಯ ಬಗ್ಗೆ ಸುತ್ತಿಬಳಸಿ ಕೇಳಬೇಡಿ. “ಜೀವಾ ತಕ್ಕೋಬೇಕು ಅನ್ನೋ ವಿಚಾರ ಬಂದೇತೇನು?” ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದ್ದಕ್ಕೆ ಹಗುರಾದವರೇ ಹೆಚ್ಚು. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯವರನ್ನು ಕರೆಸಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅಥವಾ ಹತ್ತಿರದ ಮನೋವೈದ್ಯರ ಬಳಿ ಕಳಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಅದನ್ನು ಚೀಟಿಯಲ್ಲಿ ಬರೆದು ಕೊಡುವುದಕ್ಕಿಂತ ಅವರ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಿ.

ಈಗ ಬಂದವರ ಮಾತನ್ನು ನಾನು ರೆಕಾರ್ಡ್ ಮಾಡುವುದಿಲ್ಲ. ಅವರು ಹೋದ ಮೇಲೆ ಹೆಸರಿಲ್ಲದೆ ಮೂರು ಸಾಲು ಬರೆದುಕೊಳ್ಳುತ್ತೇನೆ: ಅವರು ಹೇಳಿದ ಭಾರವಾದ ಒಂದು ಮಾತು, ಅದಕ್ಕೆ ನಾನು ಹೇಳಿದ್ದು, ಹೇಳಿದ್ದರ ಕಾರಣ. ತಿಂಗಳಿಗೊಮ್ಮೆ ನನಗಿಂತ ಅನುಭವಿಗಳಾದ ಮೇಡಂ ಒಬ್ಬರ ಮುಂದೆ ಅದನ್ನು ಇಡುತ್ತೇನೆ. ಮೂರನೆಯ ಸಾಲು ಖಾಲಿ ಇದ್ದ ಕಡೆಯೇ ಅವರು ಬೆರಳಿಟ್ಟು, “ಇಲ್ಲಿಂದ ಶುರು ಮಾಡೂಣ” ಎನ್ನುತ್ತಾರೆ.