ಪರದೆ ಬಿಟ್ಟ ಮೇಲೆ ನರಸಿಂಹರಾಜು ಸಿಕ್ಕರು

ಹಾಸ್ಯನಟ ನರಸಿಂಹರಾಜು ಅವರ ಬದುಕನ್ನೇ ಒಂದು ತಾಸಿನ ಶೋ ಮಾಡ್ತೀನಿ ಅಂದಾಗ ನಮ್ಮ ಮಿಮಿಕ್ರಿ ಗೆಳೆಯರೇ ನಕ್ಕಿದ್ದರು. ‘ಅವರು ಹೋಗಿ ನಲವತ್ತೈದು ವರ್ಷದ ಮ್ಯಾಲಾತು. ಈಗಿನ ಹುಡುಗ್ರು ಯಾರ್ ಕುಂಡ್ರತಾರೋ ತಮ್ಮಾ?’ ಈ ಸೀಜನ್ನಿನಲ್ಲಿ ನನಗೆ ಒಂದು ಶನಿವಾರವೂ ಖಾಲಿ ಇಲ್ಲ.

ಮೊದಲು ಎಲ್ಲರ ಹಾಗೆ ಪ್ರೊಜೆಕ್ಟರ್ ಹಿಡಿದೆ. ಜಾತ್ರೆಯ ಲೈಟಿಗೆ ಪರದೆ ಬರೀ ಬಿಳಿ ಬಟ್ಟೆ. ಬಾಡಿಗೆ ಸುಮಾರು ನಾಲ್ಕು ಸಾವಿರ, ಕಮಿಟಿ ಕೊಡುತ್ತಿದ್ದದ್ದು ಆರು. ಟೆಂಪೋಕ್ಕೆ ಕೊಟ್ಟ ಮೇಲೆ ಉಳಿದದ್ದು ಚಹಾದ ರೊಕ್ಕ. ಒಂದೂರಲ್ಲಿ ಅದನ್ನೂ ‘ಆಮ್ಯಾಲೆ ಕೊಡ್ತೀವಿ’ ಅಂದರು, ಇನ್ನೂ ಬಂದಿಲ್ಲ. ಎರಡು ಸಾವಿರ ಕೊಟ್ಟು ನರಸಿಂಹರಾಜು ಅವರ ಥರದ ಉಬ್ಬು ಹಲ್ಲಿನ ಸೆಟ್ಟೂ ಮಾಡಿಸಿದೆ. ಹಾಕಿಕೊಂಡರೆ ಮಾತೆಲ್ಲ ಸೀಟಿ.

ಆಮೇಲೆ ಅದೆಲ್ಲ ಬಿಟ್ಟು ಕಂಪನಿ ನಾಟಕದ ಕಡೆಯಿಂದ ಶುರುಮಾಡಿದೆ. ಅವರು ಬಂದದ್ದೇ ಅಲ್ಲಿಂದ ಅಲ್ವಾ? 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದವರು. 1954ರಲ್ಲಿ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆ ಕಾಣಿಸಿಕೊಳ್ಳುವ ಹೊತ್ತಿಗೆ ವಯಸ್ಸು ಮೂವತ್ತಾಗಿತ್ತು. ಗದಗಿನ ಮಂದಿಗೆ ಕಂಪನಿ ನಾಟಕದ ರುಚಿ ಗೊತ್ತು. ಹಾರ್ಮೋನಿಯಂ ಎದ್ದರೆ ಅಜ್ಜಂದಿರು ಮುಂದೆ ಸರಿದು ಕೂರುತ್ತಾರೆ.

ಶೋ ಕೈ ಹಿಡಿದದ್ದು ಮಾತ್ರ ನಕ್ಷತ್ರಿಕನಿಂದ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಸಾಲ ವಸೂಲಿಗೆ ರಾಜನ ಬೆನ್ನು ಹತ್ತುವ ಪಾತ್ರ. ಅಲ್ಲಿ ನರಸಿಂಹರಾಜು ಅವರಿಗೆ ನಗಿಸುವ ಆತುರ ಕಾಣಲ್ಲ. ರೊಕ್ಕ ಬೇಕು, ಅಷ್ಟೇ. ನಾನೂ ಅದನ್ನೇ ಹಿಡಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಜನ್ನಿಗೆ ಮಾಡಿದಾಗ ಸಾಲ ಕೊಟ್ಟವರೂ ತಗೊಂಡವರೂ ಒಂದೇ ಜಮಖಾನೆ ಮೇಲೆ ಕುಂತಿದ್ದರು. ನಗು ನಿಲ್ಲಲಿಲ್ಲ. ನರಸಿಂಹರಾಜು ಅವರ ದನಿ ನಾನು ತೆಗೆಯಲೇ ಇಲ್ಲ, ಆದರೂ ‘ಅವರನ್ನ ನೋಡಿದಂಗಾತು’ ಅಂದರು. ನನ್ನ ನಕ್ಷತ್ರಿಕ ಜನರ ನಡುವೆ ಯಾವ ಕಡೆಯಿಂದ, ಯಾರ ಹೆಸರು ಕೂಗುತ್ತಾ ಬರುತ್ತಾನೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಹೊಟ್ಟೆಪಾಡು!

ನಡುವೆ ಬಾಲಕೃಷ್ಣ ಅವರನ್ನೂ ಸೇರಿಸಿ ನೋಡಿದೆ. ಕಿವಿ ಮಂದವಿದ್ದೂ ಟೈಮಿಂಗ್ ತಪ್ಪದ ನಟ. ಆದರೆ ಇಬ್ಬರನ್ನೂ ಒಬ್ಬನೇ ಮಾಡಿದರೆ ಶೋ ಎರಡು ತಾಸಾಗುತ್ತದೆ, ಮಂದಿ ಮಿರ್ಚಿ ಅಂಗಡಿಗೆ ಏಳುತ್ತಾರೆ. ಬಾಲಕೃಷ್ಣ ಅವರಿಗೆ ಬೇರೆ ಶೋನೇ ಬೇಕು.

ನರಸಿಂಹರಾಜು ಅವರ 1979ರ ಸಾವನ್ನು ಎರಡೇ ಮಾತಲ್ಲಿ ಮುಗಿಸಿ ಹಾರ್ಮೋನಿಯಂ ಜೋರು ಮಾಡಿಸುತ್ತೇನೆ. ಅಳಿಸಿದರೆ ಶಾಲು ಬರುತ್ತದೆ, ಮುಂದಿನ ಬುಕಿಂಗ್ ಬರಲ್ಲ.

ಈಗ ಹದಿನೈದು ಸಾವಿರ ತಗೋತೀನಿ. ಹಾರ್ಮೋನಿಯಂ, ತಬಲಾದವರಿಗೆ ಸೇರಿ ಮೂರು, ಗಾಡಿಗೆ ಎರಡು. ಅರ್ಧ ದುಡ್ಡು ಮೊದಲೇ ಫೋನಿಗೆ ಬೀಳಬೇಕು. ಬೀಳದಿದ್ದರೆ ಗಾಡಿ ಹೊರಡಲ್ಲ.