ಸುರುಳಿ ಸುಗಂಧಿ ಹೂ ಬಿಡದಿದ್ದರೆ, ಕೊಳೆತರೆ, ಸುಳಿ ಒಣಗಿದರೆ

ಮಳೆಗಾಲ ಮುಗಿಯುತ್ತ ಬಂದರೂ, ಶುಂಠಿಯ ಕುಟುಂಬದ ಹೂಗಿಡವಾದ ಸುರುಳಿ ಸುಗಂಧಿಯಲ್ಲಿ ಬರೀ ಎಲೆಯೇ ಇದ್ದರೆ ಮೊದಲು ನಿಮ್ಮ ಕತ್ತರಿಯ ಮೇಲೆ ಅನುಮಾನಪಡಿ. ಇದರ ಹೂತೆನೆ ಬರುವುದು ಕಾಂಡದ ತುದಿಯಲ್ಲಿ. ದಾಸವಾಳದಂತೆ ಕವಲೊಡೆಯಲಿ ಎಂದು ಸುಳಿ ಚಿವುಟಿದರೆ ಆ ಕಾಂಡದಲ್ಲಿ ಇನ್ನು ಹೂವಿಲ್ಲ. ಬಾಳೆಯ ಲೆಕ್ಕವೇ ಇದಕ್ಕೂ: ಒಂದು ಕಾಂಡಕ್ಕೆ ಒಂದೇ ಸಲ ಹೂ, ಮುಂದಿನದು ಬುಡದ ಮರಿಯಲ್ಲಿ. ಹೂ ಮುಗಿದ ಕಾಂಡವನ್ನಷ್ಟೇ ನೆಲಮಟ್ಟಕ್ಕೆ ಕೊಯ್ಯಿರಿ. ಇದೇ ಕುಟುಂಬದ, ಹಳದಿ ಪಟ್ಟೆ ಎಲೆಯ ಅಲ್ಪಿನಿಯಾ ಗಿಡದಲ್ಲಿ ಇನ್ನೂ ಎಚ್ಚರ ಬೇಕು. ಅದು ಹೂ ಬಿಡುವುದು ಹಿಂದಿನ ವರ್ಷದ ಕಾಂಡದಲ್ಲಿ. ಚಳಿಗಾಲದಲ್ಲಿ ಚೊಕ್ಕ ಮಾಡಲು ಹೋದರೆ ಒಂದು ವರ್ಷದ ಹೂವೇ ಹೋಯಿತು.

ಕತ್ತರಿಯ ತಪ್ಪಲ್ಲದಿದ್ದರೆ ನೆರಳೋ ಇಕ್ಕಟ್ಟೋ ಇರಬೇಕು. ಬೆಳಗಿನ ಬಿಸಿಲು ನಾಲ್ಕು ಗಂಟೆಯಾದರೂ ಬೀಳಬೇಕು. ಕುಂಡದಲ್ಲಿ ಗೆಡ್ಡೆಗಳು ಅಂಚಿಗೆ ಒತ್ತಿಕೊಂಡಿದ್ದರೆ ಮೊದಲ ಮಳೆಗೆ ಕಿತ್ತು, ಎರಡು ಮೂರು ಕಣ್ಣಿರುವ ತುಂಡುಗಳಾಗಿ ಬಿಡಿಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, 14 ಇಂಚಿನ ಅಗಲ ಕುಂಡದಲ್ಲಿ 2 ಇಂಚು ಆಳಕ್ಕೆ ನೆಡಿ. ಯೂರಿಯಾ ಬೇಡ. ಎಲೆ ಕಪ್ಪು ಹಸಿರಾಗಿ ಸೊಕ್ಕುತ್ತದೆ, ಹೂ ಹಿಂದೆ ಬೀಳುತ್ತದೆ.

ಜುಲೈ, ಆಗಸ್ಟಿನಲ್ಲಿ ಕೆಳಗಿನ ಎಲೆ ಹಳದಿಯಾಗಿ, ಕಾಂಡ ಎಳೆದೊಡನೆ ಬುಡದಿಂದ ಕಳಚಿ ಬಂದರೆ ಗೆಡ್ಡೆ ಕೊಳೆಯುತ್ತಿದೆ. ನೀರು ನಿಂತಿದ್ದೇ ಕಾರಣ. ಮೆತ್ತಗಾದ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಕೊಯ್ದು ತೆಗೆಯಿರಿ. ಉಳಿದದ್ದನ್ನು ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಕದಡಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ, ಹೊಸ ಮಣ್ಣಿನಲ್ಲಿ ನೆಡಿ.

ಎಲೆ ಹಸಿರಿರುವಾಗಲೇ ಸುರುಟಿಕೊಂಡು ಗಿಡ ಸೊರಗಿದರೆ ಬೇರೆ ಪರೀಕ್ಷೆ ಮಾಡಿ. ಬುಡದ ಕಾಂಡದ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟು ಐದು ನಿಮಿಷ ಅಲುಗಾಡಿಸದೆ ನೋಡಿ. ಕೊಯ್ದ ಬಾಯಿಂದ ಹಾಲಿನಂಥ ಎಳೆ ಇಳಿದರೆ ಅದು ಶುಂಠಿ ಬೆಳೆಗಾರರನ್ನು ಕಾಡುವ ದುಂಡಾಣು ಸೊರಗು ರೋಗ. ಇದಕ್ಕೆ ಮದ್ದು ಹುಡುಕುವುದು ದಂಡ. ಗಿಡವನ್ನು ಮಣ್ಣು ಸಮೇತ ತೆಗೆದು ಹಾಕಿ, ಕತ್ತಿ ತೊಳೆದು ಬೆಂಕಿಗೆ ಹಿಡಿಯಿರಿ. ಆ ಜಾಗದಲ್ಲಿ ಶುಂಠಿ, ಟೊಮೆಟೊ, ಬದನೆ ಹಾಕಬೇಡಿ. ಗೊಬ್ಬರಗುಂಡಿಗಂತೂ ಎಸೆಯಲೇಬೇಡಿ.

ನಡುವಿನ ಸುಳಿಯೊಂದೇ ಒಣಗಿ ಉಳಿದೆಲೆ ಚೆನ್ನಾಗಿದ್ದರೆ ಕಾಂಡ ಕೊರಕ ಹುಳು. ಕಾಂಡದಲ್ಲಿ ತೂತು, ಅದರ ಬಾಯಲ್ಲಿ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ಕಾಣುತ್ತದೆ. ತೂತಿನ ಕೆಳಗೆ ಕೊಯ್ದು, ಸೀಳಿ, ಹುಳು ಸಿಕ್ಕಿತೇ ನೋಡಿ; ಸಿಗದಿದ್ದರೆ ಇನ್ನೂ ಕೆಳಗೆ ಕೊಯ್ಯಿರಿ. ಶುಂಠಿ, ಅರಿಶಿನ, ಏಲಕ್ಕಿಗೂ ಬರುವ ಹುಳುವೇ ಇದು. ಮಳೆ ಬಿಡುವು ಕೊಟ್ಟ ಸಂಜೆ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚಿಟಿಕೆ ಸೋಪು ಬೆರೆಸಿ ಸುಳಿಗೆ ಸಿಂಪಡಿಸಿ. ಹುಳು ಒಳಹೊಕ್ಕ ಮೇಲೆ ಇದು ನಾಟುವುದಿಲ್ಲ, ಆದ್ದರಿಂದ ಪಕ್ಕದ ಎಳೆಯ ಮರಿಗಳಿಗೆ ಹೊಡೆಯಿರಿ.

ಬೇಸಿಗೆಯಲ್ಲಿ ಎಲೆಯಂಚು ಕಂದಾಗುವುದು ಒಣಗಾಳಿಗೆ, ಇಲ್ಲವೇ ಬೋರ್‌ವೆಲ್ಲಿನ ಗಡಸು ನೀರಿಗೆ. ಬುಡಕ್ಕೆ ತರಗೆಲೆ ಹೊದಿಸಿ. ಗಿಡ ಪೂರ್ತಿ ಒಣಗಿದಂತೆ ಕಂಡರೂ ಕುಂಡ ಚೆಲ್ಲುವ ಮೊದಲು ಮಣ್ಣು ಸರಿಸಿ ಗೆಡ್ಡೆಯನ್ನು ಹೆಬ್ಬೆರಳಿಂದ ಒತ್ತಿ. ಗಟ್ಟಿಯಿದ್ದರೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಸಾಕು, ಮಳೆ ಬಿದ್ದಾಗ ಮೊಳಕೆ ಬರುತ್ತದೆ.